ತಾಳ್ಮೆಯ ಬಂಡವಾಳ

ಬಾಹ್ಯಾಕಾಶವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಶ್ರೀಹರಿಕೋಟೆಯ ಬೆಂಕಿ, ಹೊಗೆ. ಮುಂಬಯಿಯಲ್ಲಿ ಕನ್ನಡ ಕಲಿಸುತ್ತ ಬದುಕಿದ ನನಗೆ ಆ ಲೋಕ ಹತ್ತಿರವಾದದ್ದು ಕಾರ್ಖಾನೆಗಳ ಮೂಲಕ. ಪಿಎಸ್‌ಎಲ್‌ವಿಯ ಎರಡನೆಯ ಹಂತವನ್ನು ನಡೆಸುವ ವಿಕಾಸ್ ಎಂಜಿನ್ ವಿಕ್ರೋಲಿಯ ಗೋದ್ರೆಜ್ ಕಾರ್ಖಾನೆಯಲ್ಲಿ ಸಿದ್ಧವಾಗುತ್ತದೆ. ಪುಣೆ ಜಿಲ್ಲೆಯ ವಾಲ್‌ಚಂದ್‌ನಗರದಲ್ಲಿ, ಸಕ್ಕರೆ ಕಾರ್ಖಾನೆಗಳಿಗೆ ಯಂತ್ರ ಮಾಡಿಕೊಡುವ ಸಂಸ್ಥೆಯೇ ರಾಕೆಟ್ಟಿನ ಮೋಟಾರು ಕವಚಗಳನ್ನೂ ತಯಾರಿಸಿದೆ.

ಹಗಲೆಲ್ಲ ಸಣ್ಣ ಯಂತ್ರಶಾಲೆಯೊಂದರಲ್ಲಿ ದುಡಿದು ಸಂಜೆ ಪಾಠಕ್ಕೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ನನಗಿದ್ದ. ಅವನ ಯಂತ್ರಶಾಲೆಗೆ ದೊಡ್ಡ ಕಾರ್ಖಾನೆಯಿಂದ ರಾಕೆಟ್ಟಿನ ಬಿಡಿಭಾಗಗಳ ಕೆಲಸ ಬರುತ್ತಿತ್ತು. ಅಳತೆ ಕೂದಲೆಳೆಯಷ್ಟು ತಪ್ಪಿದರೂ ತುಂಡು ತಿರಸ್ಕೃತವಾಗುತ್ತಿತ್ತು. "ಆದರೆ ಸರ್, ಏಕೆ ತಪ್ಪಿತೆಂದು ಬಂದು ಕುಳಿತು ಹೇಳಿಕೊಡುತ್ತಾರೆ; ಕೆಲಸ ಕಿತ್ತುಕೊಳ್ಳುವುದಿಲ್ಲ" ಎಂದು ಆತ ಒಮ್ಮೆ ಹೇಳಿದ. ಉದ್ಯಮವೊಂದನ್ನು ಬೆಳೆಸುವ ಬಗೆಯನ್ನು ಇದಕ್ಕಿಂತ ಸರಳವಾಗಿ ಹೇಳಿದವರನ್ನು ನಾನು ಕಾಣೆ.

ಈ ತಾಳ್ಮೆಗೆ ಇತಿಹಾಸವಿದೆ. ಇಸ್ರೋ ಸ್ಥಾಪನೆಯಾದದ್ದು 1969ರಲ್ಲಿ. ಉಡುಪಿ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ರೂಪುಗೊಂಡ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೂಲಕ ಕಕ್ಷೆ ಸೇರಿತು. ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು. 1979ರಲ್ಲಿ ಎಸ್‌ಎಲ್‌ವಿ-3, 1993ರಲ್ಲಿ ಪಿಎಸ್‌ಎಲ್‌ವಿ ತಮ್ಮ ಮೊದಲ ಹಾರಾಟದಲ್ಲಿ ಸೋತು, ಮರುವರ್ಷ ಗೆದ್ದವು. ಲಾಭನಷ್ಟದ ಲೆಕ್ಕವೊಂದೇ ಇದ್ದಿದ್ದರೆ ಸೋಲಿನ ಮರುದಿನವೇ ಬಾಗಿಲು ಮುಚ್ಚುತ್ತಿತ್ತು.

2020ರಲ್ಲಿ ಸರಕಾರ ಈ ಕ್ಷೇತ್ರವನ್ನು ಖಾಸಗಿಯವರಿಗೆ ವಿಶಾಲವಾಗಿ ತೆರೆಯಿತು. 2023ರಲ್ಲಿ ಬಾಹ್ಯಾಕಾಶ ನೀತಿಯನ್ನು ಪ್ರಕಟಿಸಿತು. ಹೈದರಾಬಾದಿನ ಸ್ಕೈರೂಟ್ 2022ರ ನವೆಂಬರಿನಲ್ಲಿ, ಚೆನ್ನೈನ ಅಗ್ನಿಕುಲ್ 2024ರ ಮೇ ತಿಂಗಳಲ್ಲಿ ತಮ್ಮ ರಾಕೆಟ್ಟುಗಳನ್ನು ಹಾರಿಸಿದವು. ಇದು ಸ್ವಾಗತಾರ್ಹ. ಆದರೆ ಇವೆರಡೂ ಮೇಲೇರಿದ್ದು ಶ್ರೀಹರಿಕೋಟೆಯಿಂದಲೇ, ಇಸ್ರೋ ದಶಕಗಳ ಕಾಲ ಹದಗೊಳಿಸಿದ ನೆಲದಿಂದಲೇ ಎಂಬುದನ್ನು ಮರೆಯಲಾಗದು. ಇನ್ನು ಮುಂದೆ ಪರವಾನಗಿ ಕೊಡುವುದಷ್ಟೇ ತನ್ನ ಕೆಲಸವೆಂದು ಪ್ರಭುತ್ವ ಭಾವಿಸಿದರೆ, ತಪ್ಪನ್ನು ತಿದ್ದಿಸಿಕೊಂಡು ಕಲಿಯಬೇಕಾದ ಸಣ್ಣ ಯಂತ್ರಶಾಲೆಗಳ ಗತಿಯೇನು? ಮಾರುಕಟ್ಟೆ ಕಲಿತವರನ್ನು ಕೊಳ್ಳಬಲ್ಲದು. ಕಲಿಯುವವರಿಗಾಗಿ ಕಾಯುವುದು ಅದರ ಸ್ವಭಾವವಲ್ಲ.

ಹೊರನಾಡಿನ ಕನ್ನಡ ವಿಭಾಗದ ಸ್ಮರಣ ಸಂಪುಟದಲ್ಲಿ ಈ ಮಾತೇಕೆಂದು ಕೆಲವರಿಗೆ ಅನಿಸಬಹುದು. ನಮ್ಮ ತರಗತಿಗಳಲ್ಲಿ ಎಂಟು ಹತ್ತು ಮಂದಿ ಕುಳಿತಿರುತ್ತಾರೆ. ಈ ವಿಭಾಗದ ಅಗತ್ಯವೇನೆಂಬ ಪ್ರಶ್ನೆಯನ್ನು ನಾನು ನನ್ನ ಸೇವಾವಧಿಯುದ್ದಕ್ಕೂ ಕೇಳಿದ್ದೇನೆ. ಆ ಎಂಟು ಹತ್ತು ಮಂದಿಯಲ್ಲೇ ಒಬ್ಬ ಸಂಶೋಧಕ, ಒಬ್ಬ ಅನುವಾದಕಿ, ಗ್ರೀಸು ಮೆತ್ತಿದ ಬೆರಳುಗಳಿಂದ ಪಂಪನ ಪುಟ ತಿರುವುವ ಒಬ್ಬ ಹುಡುಗ ಇರುತ್ತಾರೆ. ಉಪಗ್ರಹವಾಗಲಿ ಭಾಷೆಯಾಗಲಿ, ಫಲ ಕಾಣುವ ಮುನ್ನವೇ ಯಾರಾದರೂ ಅದರ ವೆಚ್ಚವನ್ನು ಹೊರಬೇಕು. ಆ ಹೊಣೆಯನ್ನು ಹೊರುವುದಕ್ಕೆಂದೇ ಪ್ರಭುತ್ವವಿದೆ, ವಿಶ್ವವಿದ್ಯಾಲಯವಿದೆ.