ಟೈರಿನ ವಯಸ್ಸು ಬೇರೆ, ಆರೈಕೆ ಬೇರೆ

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗ ನಮ್ಮಲ್ಲಿ ಹೆಚ್ಚಿನವರು ಮಾಡೋದು ಒಂದೇ. ಬಣ್ಣ ನೋಡ್ತೀವಿ, ಬಾಗಿಲು ತೆಗೆದು ಹಾಕ್ತೀವಿ, ಎಸಿ ಮುಂದೆ ಕೈ ಹಿಡೀತೀವಿ, ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಆಗಿದೆ ಅಂತ ಇಣುಕ್ತೀವಿ. ಟೈರಿನ ಹತ್ತಿರ ಬಂದಾಗ ಮಾತ್ರ ಕಾಲಲ್ಲಿ ಒಂದು ಸಲ ಒದ್ದು, "ಪರವಾಗಿಲ್ಲ" ಅಂದುಬಿಡ್ತೀವಿ. ಒದ್ದರೆ ಏನು ಗೊತ್ತಾಗುತ್ತೋ, ಒದ್ದವರಿಗೂ ಗೊತ್ತಿರಲ್ಲ!

ನಮಗೆ ಕಾರು ಬೇಕು ಅನ್ನಿಸಿದ್ದು ಮಗಳು ಹುಟ್ಟಿದ ಮೇಲೆ. ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಪುತ್ತೂರಿನ ಅತ್ತೆ ಮನೆಗೆ ತಿಂಗಳಿಗೊಮ್ಮೆಯಾದರೂ ಹೋಗಬೇಕು. ಕೈಯಲ್ಲಿದ್ದದ್ದು ನಾಲ್ಕೂವರೆ ಲಕ್ಷ. ಕಾರು ನೋಡಲು ಸಕಲೇಶಪುರದ ಚಿಕ್ಕಪ್ಪನನ್ನು ಕರೆಸಿಕೊಂಡೆ. ಮೂವತ್ತು ವರ್ಷ ಅದೇ ಘಾಟಿಯಲ್ಲಿ ಲಾರಿ ಓಡಿಸಿದವರು. "ಬ್ರೇಕ್ ಎಷ್ಟೇ ಚೆನ್ನಾಗಿರ್ಲಿ, ಕೊನೆಗೆ ರಸ್ತೆ ಹಿಡ್ಕೊಳ್ಳೋದು ಟೈರೇ ಕಣಮ್ಮ. ಅದೂ ಒಂದೊಂದು ಟೈರು ನೆಲಕ್ಕೆ ತಾಗೋದು ಅಂಗೈಯಷ್ಟು ಜಾಗ" ಅಂದರು. ಹಿಂದಿನ ಸೀಟಿನಲ್ಲಿ ಮಗು ಕೂರುತ್ತೆ ಅನ್ನುವಾಗ ಆ ಅಂಗೈಯಷ್ಟು ಜಾಗದ ಲೆಕ್ಕ ಸಣ್ಣದಲ್ಲ.

ಮೊದಲು ನೋಡಿದ್ದು ಒಬ್ಬ ಡೀಲರ್ ಹತ್ತಿರ ಇದ್ದ 2019ರ ಕಾರು. ಮೀಟರಿನಲ್ಲಿ 31,000 ಕಿಲೋಮೀಟರ್. ಟೈರುಗಳು ಕರ್ರಗೆ ಮಿಂಚುತ್ತಿದ್ದವು. ಚಿಕ್ಕಪ್ಪ ಬೆರಳು ಸವರಿದರು, ಬೆರಳಿಗೆ ಪಾಲಿಶ್ ಅಂಟಿತು. "ಒಂದು ಒದ್ದೆ ಬಟ್ಟೆ ಕೊಡಪ್ಪ" ಅಂತ ಡೀಲರ್ ಹುಡುಗನಿಂದಲೇ ಇಸಕೊಂಡು ಒರೆಸಿ, ಟೈರಿನ ಪಕ್ಕದ ಮೈಮೇಲೆ ಇದ್ದ ಅಂಕಿ ತೋರಿಸಿದರು.

ಈ ಅಂಕಿ ಎಲ್ಲರಿಗೂ ಗೊತ್ತಿರಬೇಕು. ಟೈರಿನ ಮೇಲೆ 'ಡಿಒಟಿ' ಅಂತ ಶುರುವಾಗುವ ಒಂದು ಸಾಲು ಇರುತ್ತೆ. ಅದರ ಕೊನೆಯ ನಾಲ್ಕು ಅಂಕಿಯಲ್ಲಿ ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. 3417 ಅಂತ ಇದ್ದರೆ 2017ರ 34ನೇ ವಾರ, ಅಂದರೆ ಆಗಸ್ಟ್‌ನಲ್ಲಿ ತಯಾರಾದ ಟೈರು. ಎಷ್ಟೋ ಟೈರುಗಳಲ್ಲಿ ಈ ನಾಲ್ಕು ಅಂಕಿ ಒಂದು ಬದಿಯಲ್ಲಿ ಮಾತ್ರ ಇರುತ್ತೆ. ಹೊರಗಡೆ ಕಾಣದಿದ್ದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದಿನ ಚಕ್ರದ ಒಳಮೈ ನೋಡಬಹುದು. ಹಿಂದಿನ ಚಕ್ರಕ್ಕಾದರೆ ಮೊಬೈಲನ್ನು ಒಳಗೆ ಹಿಡಿದು ಫೋಟೋ ತೆಗೆದರಾಯಿತು.

ಆ ಕಾರಿನ ನಾಲ್ಕೂ ಟೈರು 2022ರವು. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಮಾತ್ರ 2019ರದ್ದು. ಅಂದರೆ ಕಾರಿನ ಜೊತೆ ಬಂದ ಟೈರುಗಳನ್ನು ಒಮ್ಮೆ ಬದಲಾಯಿಸಿದ್ದಾರೆ. ಅದು ತಪ್ಪಲ್ಲ. ಆದರೆ ಹೊಸ ಟೈರುಗಳೂ ಸವೆದು ಹೋಗಿದ್ದವು. ಟ್ರೆಡ್‌ನ ಗೆರೆಗಳ ತಳದಲ್ಲಿ ಅಡ್ಡಡ್ಡ ಸಣ್ಣ ಉಬ್ಬುಗಳಿರುತ್ತವೆ, ಅವುಗಳ ಎತ್ತರ 1.6 ಮಿಲಿಮೀಟರ್. ಟ್ರೆಡ್ ಸವೆದು ಆ ಉಬ್ಬಿನ ಸಮಕ್ಕೆ ಬಂದರೆ ಟೈರಿನ ಕಥೆ ಮುಗಿಯಿತು ಅಂತಲೇ ಲೆಕ್ಕ. ಇಲ್ಲಿ ಹೆಚ್ಚುಕಡಿಮೆ ಅಲ್ಲಿಗೇ ಬಂದಿತ್ತು. "ಒಂದು ಸೆಟ್ ಮುಗಿಸಿ ಎರಡನೇ ಸೆಟ್ಟೂ ಸವೆಸೋಕೆ 31,000 ಕಿಲೋಮೀಟರ್ ಸಾಕಾಯ್ತಾ ಸ್ವಾಮಿ? ಟೈರ್ ಹಾಕಿಸಿದ ಬಿಲ್ಲು, ಸರ್ವಿಸ್ ಬಿಲ್ಲು ಇದ್ರೆ ತೋರ್ಸಿ" ಅಂದರು ಚಿಕ್ಕಪ್ಪ. ಬಿಲ್ಲು ಇರಲಿಲ್ಲ. ನಾವು ಹೊರಟೆವು.

ಸವೆತ ಎಷ್ಟು ಅನ್ನೋದಕ್ಕಿಂತ ಹೇಗೆ ಸವೆದಿದೆ ಅನ್ನೋದು ಹೆಚ್ಚು ಹೇಳುತ್ತೆ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ತುಂಬಿಸಿ ಓಡಿಸಿದ್ದಾರೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟುಕೊಂಡು ಓಡಿಸಿದ್ದಾರೆ. ಒಂದೇ ಅಂಚು ತಿಂದುಹೋಗಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ. ಕೈಯಾಡಿಸಿದಾಗ ಅಲೆ ಅಲೆಯಾಗಿ ಹತ್ತಿದರೆ ಸಸ್ಪೆನ್ಶನ್ ತೋರಿಸಬೇಕು. ಪಕ್ಕದಲ್ಲಿ ಬೋರೆಹಣ್ಣಿನಷ್ಟು ಉಬ್ಬಿದ್ದರೂ ಆ ಟೈರು ಬೇಡವೇ ಬೇಡ. ಗುಂಡಿಗೆ ಬಡಿದು ಒಳಗಿನ ನೂಲು ಹರಿದಿರುತ್ತೆ, ಯಾವಾಗ ಬೇಕಾದರೂ ಒಡೆಯಬಹುದು.

ಮೂರನೇ ವಾರ ಜಯನಗರದ ಒಂದು ಮನೆಗೆ ಹೋದೆವು. ಮಾರುತ್ತಿದ್ದವರು ವಯಸ್ಸಾದ ಒಬ್ಬ ಅಮ್ಮ. 2016ರ ಕಾರು, 24,000 ಕಿಲೋಮೀಟರ್, ಪ್ರತಿ ಸರ್ವಿಸ್‌ನ ಬಿಲ್ಲೂ ಫೈಲಿನಲ್ಲಿ. ಟ್ರೆಡ್ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ನನಗೆ ಅಲ್ಲೇ ಕೊಂಡುಬಿಡೋಣ ಅನ್ನಿಸಿತು. ಚಿಕ್ಕಪ್ಪ ಮಾತ್ರ ನೆಲಕ್ಕೆ ಕೂತು ಟಾರ್ಚ್ ಹಿಡಿದರು. ಐದೂ ಟೈರು 2116. ಪಕ್ಕದ ಮೈಯಲ್ಲಿ, ಒಣಗಿದ ಕೆರೆಯ ತಳದಂತೆ, ಸಣ್ಣ ಸಣ್ಣ ಬಿರುಕು.

"ಗಾಡಿ ಓಡಿಸಿ ಎಷ್ಟು ದಿನ ಆಯ್ತಮ್ಮ?"

"ಯಜಮಾನ್ರು ಹೋಗಿ ಎರಡು ವರ್ಷ ಆಯ್ತು. ಪಕ್ಕದ ಮನೆ ಹುಡುಗ ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿಟ್ಟು ಹೋಗ್ತಾನೆ, ಅಷ್ಟೇ."

ಇಂಜಿನ್ ಸ್ಟಾರ್ಟ್ ಮಾಡಿದರೆ ಬ್ಯಾಟರಿಗೆ ಒಳ್ಳೆಯದಿರಬಹುದು, ಟೈರಿಗೆ ಏನೂ ಸಿಗಲ್ಲ. ರಬ್ಬರ್ ಒಣಗದಿರಲಿ ಅಂತ ತಯಾರಿಸುವಾಗಲೇ ಅದಕ್ಕೆ ಮೇಣದಂಥ ಪದಾರ್ಥ ಸೇರಿಸಿರುತ್ತಾರೆ. ಟೈರು ಉರುಳಿ ಬಾಗಿ ಎದ್ದಾಗ ಅದು ಒಳಗಿನಿಂದ ಮೇಲಕ್ಕೆ ಬರುತ್ತೆ. ನಿಂತೇ ಇದ್ದ ಗಾಡಿಯಲ್ಲಿ ಆ ಕೆಲಸ ಸರಿಯಾಗಿ ನಡೆಯಲ್ಲ. ಬಿಸಿಲು, ಗಾಳಿಯಲ್ಲಿನ ಆಮ್ಲಜನಕ, ಓಜೋನ್ ಎಲ್ಲಾ ಸೇರಿ ರಬ್ಬರನ್ನು ಗಡಸು ಮಾಡುತ್ತವೆ. ಅದಕ್ಕೇ ಐದು ವರ್ಷವಾದ ಮೇಲೆ ಟೈರನ್ನು ವರ್ಷಕ್ಕೊಮ್ಮೆ ತೋರಿಸಿ, ಹತ್ತು ವರ್ಷವಾದರೆ ಟ್ರೆಡ್ ಇದ್ದರೂ ತೆಗೆಸಿ ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ಕೆಲವು ಕಾರು ಕಂಪನಿಗಳು ಆರು ವರ್ಷಕ್ಕೇ ಬದಲಾಯಿಸಿ ಅನ್ನುತ್ತವೆ.

"ಟೈರು ಹೋಗಿದೆ" ಅಂದಾಗ ಆ ಅಮ್ಮನ ಮುಖ ಸಣ್ಣದಾಯಿತು. "ಅವರು ಗಾಡೀನ ಮಗು ಥರ ನೋಡ್ಕೊಂಡಿದ್ರು" ಅಂದರು. ನಾವು ದುಡ್ಡು ಇಳಿಸೋಕೆ ನೆಪ ಹುಡುಕುತ್ತಿದ್ದೇವೆ ಅನ್ನಿಸಿರಬೇಕು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಚಿಕ್ಕಪ್ಪ ಅವರನ್ನು ಹತ್ತಿರ ಕರೆದು ಟ್ರೆಡ್ ಮೇಲೆ ಟಾರ್ಚ್ ಬಿಟ್ಟರು. "ಇಲ್ಲಿ ನೋಡೀಮ್ಮ. ಈ ಅಂಚು, ಆ ಅಂಚು, ನಡು, ಎಲ್ಲಾ ಒಂದೇ ಸಮ ಸವೆದಿದೆ. ನಾಲ್ಕು ಚಕ್ರದಲ್ಲೂ ಹಾಗೇ ಇದೆ. ಗಾಳಿ ತಪ್ಪದೆ ನೋಡಿಸ್ತಿದ್ದವರ ಗಾಡಿ ಇದು. ಅವರು ಚೆನ್ನಾಗೇ ನೋಡ್ಕೊಂಡಿದ್ದಾರೆ. ಟೈರಿಗೆ ವಯಸ್ಸಾಗಿದೆ, ಅಷ್ಟೇ."

ಅವರು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾ ನಿಂತರು. "ಭಾನುವಾರ ಭಾನುವಾರ ಪೆಟ್ರೋಲ್ ಬಂಕಿಗೆ ಹೋಗಿ ಗಾಳಿ ನೋಡ್ಸಿಕೊಂಡೇ ತಿಂಡಿಗೆ ಬರ್ತಿದ್ರು. ನಾನು ಬೈತಿದ್ದೆ, ದೋಸೆ ಆರೋಗುತ್ತೆ ಅಂತ" ಅಂದರು. ಆಮೇಲೆ ನಮಗೆ ಕಾಫಿ ಮಾಡಿ ತಂದರು.

ನಾಲ್ಕು ಹೊಸ ಟೈರಿನ ಖರ್ಚು 20,000 ರೂಪಾಯಿ ಅಂತ ಹಿಡಿದು, ಅಷ್ಟನ್ನು ಬೆಲೆಯಲ್ಲಿ ಕಳೆದು ಕಾರು ಕೊಂಡೆವು. ಅವರೂ ಚೌಕಾಸಿ ಮಾಡಲಿಲ್ಲ, ನಾವೂ ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಇಳಿಸಲಿಲ್ಲ.

ಅಲ್ಲಿಂದ ಸೀದಾ ಟೈರ್ ಅಂಗಡಿಗೆ. ಹೊಸ ಟೈರಿನಲ್ಲೂ ಆ ನಾಲ್ಕು ಅಂಕಿ ನೋಡಿಯೇ ತಗೊಳ್ಳಿ, ಗೋದಾಮಿನಲ್ಲಿ ಕೂತಿದ್ದ ಹಳೇ ಸ್ಟಾಕ್ ಬರಬಾರದು. ಎಷ್ಟು ಗಾಳಿ ಅನ್ನೋದನ್ನು ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್ ನೋಡಿ ಹೇಳಿ. ಟೈರಿನ ಮೇಲೆ ಬರೆದಿರೋದು ಅದು ತಡೆಯುವ ಗರಿಷ್ಠ ಒತ್ತಡ, ನಿಮ್ಮ ಕಾರಿಗೆ ಬೇಕಾದದ್ದಲ್ಲ.

ಬಿಚ್ಚಿದ ಹಳೇ ಟೈರುಗಳನ್ನು ನೋಡಿ ಅಂಗಡಿಯವನು, "ಟ್ರೆಡ್ ಚೆನ್ನಾಗಿದೆ, ಒಳ್ಳೆ ರೇಟಿಗೆ ತಗೋತೀನಿ" ಅಂದ. ಚಿಕ್ಕಪ್ಪ ಅವನ ಚಾಕುವನ್ನೇ ಇಸಕೊಂಡು ನಾಲ್ಕರ ಪಕ್ಕದಲ್ಲೂ ಉದ್ದಕ್ಕೆ ಗೀರಿ ಸೀಳಿದರು. "ಈಗ ಗುಜರಿ ರೇಟಿಗೆ ತಗೋ. ಇದನ್ನ ಹಾಕ್ಕೊಂಡು ಇನ್ಯಾರೋ ಘಾಟಿ ಇಳಿಯೋದು ಬೇಡ."