ಹಂಝರ ಮುಖ

“ಟೀಚರ್, ಹಂಝರನ್ನು ನಾನು ನೋಡಿದ್ದೇನೆ!”

ಮದ್ರಸದಲ್ಲಿ ಉಹುದ್ ಯುದ್ಧದ ಪಾಠ ನಡೆಯುತ್ತಿತ್ತು. ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಹೀಗೆ ಹೇಳಿದಾಗ ಉಳಿದವರೆಲ್ಲ ನಕ್ಕರು. ಅವಳು ಮಾತ್ರ ನಗಲಿಲ್ಲ. ತಾಯಿಯ ಮೊಬೈಲ್‌ನಲ್ಲಿ ‘ದಿ ಮೆಸೇಜ್’ ಚಿತ್ರ ನೋಡಿದ್ದಳಂತೆ. ಹಂಝ(ರ) ಬೇಟೆಯಿಂದ ಕುದುರೆಯೇರಿ ಬಂದದ್ದು, ಅವರ ಗಡ್ಡ, ಅವರ ಗತ್ತು ಎಲ್ಲವನ್ನೂ ವರ್ಣಿಸಿದಳು. ಗದರಿಸಲೆಂದು ಬಾಯಿ ತೆರೆದ ನಾನು ಸುಮ್ಮನಾದೆ. ಯಾಕೆ ಗೊತ್ತೇ? ಅವಳು ವರ್ಣಿಸುತ್ತಿದ್ದ ಅದೇ ಮುಖ ನನ್ನ ಕಣ್ಣ ಮುಂದೆಯೂ ಇತ್ತು. ಅದು ಆ ಮಹಾನ್ ಸಹಾಬಿಯ ಮುಖವಲ್ಲ, ಆಂಥನಿ ಕ್ವಿನ್ ಎಂಬ ಹಾಲಿವುಡ್ ನಟನ ಮುಖ!

ಸಹೋದರಿಯರೇ, ನಿಮ್ಮಲ್ಲಿಯೂ ಹಲವರು ಈ ಚಿತ್ರವನ್ನು ನೋಡಿರುತ್ತೀರಿ. ನಾನು ನೋಡಿದ್ದು ಬಾಲ್ಯದಲ್ಲಿ. ಗಲ್ಫ್‌ನಿಂದ ಬಂದ ಮಾಮ ಕ್ಯಾಸೆಟ್ ತಂದಿದ್ದರು. ಸಿನಿಮಾ ಎಂದರೆ ಎದ್ದು ಹೋಗುತ್ತಿದ್ದ ಉಮ್ಮ ಅಂದು ಬಾಗಿಲ ಬಳಿ ನಿಂತು ನೋಡಿದರು. ಇಂಗ್ಲಿಷ್ ಮಾತುಗಳು ಯಾರಿಗೂ ಅರ್ಥವಾಗದಿದ್ದರೂ ಕಥೆ ಎಲ್ಲರಿಗೂ ಗೊತ್ತಿತ್ತಲ್ಲ! ಮದೀನದ ಜನರು ಪ್ರವಾದಿ(ಸ)ಯವರನ್ನು ಸ್ವಾಗತಿಸುವ ದೃಶ್ಯ ಬಂತು. ಆ ಜನರೆಲ್ಲ ನೇರವಾಗಿ ನಮ್ಮ ಕಡೆಗೇ ನೋಡುತ್ತಿದ್ದರು. ಉಮ್ಮ ತಲೆವಸ್ತ್ರ ಸರಿಪಡಿಸಿಕೊಂಡು ಮೆಲ್ಲನೆ ಸ್ವಲಾತ್ ಹೇಳಿದರು.

ಅವರೇಕೆ ನಮ್ಮತ್ತ ನೋಡುತ್ತಿದ್ದರೆಂದು ಬಿ.ಎ. ಓದುವಾಗ ಸಿನಿಮಾದ ಬಗೆಗಿನ ಒಂದು ಪುಸ್ತಕ ಕೈಗೆ ಸಿಕ್ಕಿದ ಮೇಲಷ್ಟೇ ತಿಳಿಯಿತು. ಸಿರಿಯಾದ ಹಲಬ್ ನಗರದಲ್ಲಿ ಹುಟ್ಟಿ ಅಮೆರಿಕದಲ್ಲಿ ಸಿನಿಮಾ ಕಲಿತ ಮುಸ್ತಫಾ ಅಕ್ಕಾದ್ 1976ರಲ್ಲಿ ಈ ಚಿತ್ರವನ್ನು ತೆರೆಗೆ ತಂದರು. ಅವರ ಮುಂದಿದ್ದ ಸವಾಲು ವಿಚಿತ್ರವಾದುದು. ಯಾರ ಕಥೆಯನ್ನು ಹೇಳಬೇಕೋ ಅವರ ರೂಪವನ್ನು ತೋರಿಸುವಂತಿಲ್ಲ, ಧ್ವನಿಯನ್ನೂ ಕೇಳಿಸುವಂತಿಲ್ಲ. ಆದ್ದರಿಂದ ಪ್ರವಾದಿ(ಸ)ಯವರು ಇರಬೇಕಾದ ಜಾಗದಲ್ಲಿ ಅವರು ಕ್ಯಾಮೆರಾವನ್ನೇ ಇಟ್ಟರು. ಪಾತ್ರಧಾರಿಗಳು ಕ್ಯಾಮೆರಾದೊಂದಿಗೆ ಮಾತನಾಡುತ್ತಾರೆ, ನಮಗೆ ಕೇಳಿಸದ ಉತ್ತರಕ್ಕೆ ತಲೆಯಾಡಿಸುತ್ತಾರೆ. ಮೆಲುವಾದ ಸಂಗೀತವೊಂದು ಪ್ರವಾದಿಯವರ ಸಾನ್ನಿಧ್ಯವನ್ನು ಸೂಚಿಸುತ್ತದೆ. ಅಲಿ(ರ)ಯವರೂ ಕಾಣಿಸುವುದಿಲ್ಲ, ಅವರ ಎರಡು ಮೊನೆಯ ಖಡ್ಗ ಮಾತ್ರ ಕಾಣುತ್ತದೆ.

ಇದು ಜಾಣತನವೆಂಬುದರಲ್ಲಿ ಸಂಶಯವಿಲ್ಲ. ಆದರೆ ನನಗೆ ಇಂದಿಗೂ ಒಂದು ಅಳುಕಿದೆ. ಕ್ಯಾಮೆರಾ ಪ್ರವಾದಿಯವರ ಜಾಗದಲ್ಲಿದ್ದರೆ, ಚಾಪೆಯ ಮೇಲೆ ಕಡಲೆ ತಿನ್ನುತ್ತಾ ಕುಳಿತಿದ್ದ ನಾವು ಎಲ್ಲಿದ್ದೆವು? ಆ ಸ್ವಾಗತ ಯಾರಿಗೆ ಸಂದಿತು? ಉಮ್ಮನಿಗೆ ಈ ತೊಡಕು ಇರಲಿಲ್ಲ. ಅವರು ಸ್ವಲಾತ್ ಹೇಳಿ ಮುಗಿಸಿದ್ದರು.

ಈ ಚಿತ್ರ ಪಟ್ಟ ಪಾಡು ಕಡಿಮೆಯದಲ್ಲ. ಮೊರೊಕ್ಕೊದಲ್ಲಿ ಮಕ್ಕಾದ ಸೆಟ್ ಹಾಕಿ ಚಿತ್ರೀಕರಣ ನಡೆಸುತ್ತಿದ್ದಾಗ ಸೌದಿಯ ಒತ್ತಡದಿಂದ ಕೆಲಸ ನಿಂತಿತು. ಉಳಿದ ಭಾಗವನ್ನು ಲಿಬಿಯಾದಲ್ಲಿ ಮುಗಿಸಬೇಕಾಯಿತು. 1977ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಬಂದೂಕುಧಾರಿಗಳು ಸುಮಾರು 150 ಮಂದಿಯನ್ನು ಒತ್ತೆಯಾಗಿ ಹಿಡಿದರು. ಈ ಚಿತ್ರದ ಪ್ರದರ್ಶನ ನಿಲ್ಲಿಸಬೇಕೆಂಬುದೂ ಅವರ ಬೇಡಿಕೆಗಳಲ್ಲೊಂದಾಗಿತ್ತು. ಅಕ್ಕಾದ್ 2005ರಲ್ಲಿ ಅಮ್ಮಾನ್‌ನ ಹೋಟೆಲ್ ಬಾಂಬ್ ಸ್ಫೋಟಕ್ಕೆ ಮಗಳೊಂದಿಗೆ ಬಲಿಯಾದರು. 2018ರ ಈದುಲ್ ಫಿತ್ರ್‌ಗೆ ಅದೇ ಸೌದಿಯ ಚಿತ್ರಮಂದಿರಗಳಲ್ಲಿ ಈ ಚಿತ್ರ ತೆರೆ ಕಂಡಿತು. ಅದನ್ನು ನೋಡಲು ಅವರಿರಲಿಲ್ಲ.

ಇನ್ನು ನನ್ನ ಶಿಷ್ಯೆಯ ವಿಷಯಕ್ಕೆ ಬರುತ್ತೇನೆ. ಒಂದು ಮುಖವನ್ನು ಅಷ್ಟು ಎಚ್ಚರದಿಂದ ಮರೆಮಾಡಿದವರು ಉಳಿದವರಿಗೆ ಮುಖ ಕೊಟ್ಟುಬಿಟ್ಟರು. ಹಂಝ(ರ), ಬಿಲಾಲ್(ರ), ಝೈದ್(ರ)... ಅಕ್ಕಾದ್ ಈ ಚಿತ್ರವನ್ನು ಎರಡು ಸಲ ತೆಗೆದರು. ಅದೇ ಸೆಟ್, ಅದೇ ದೃಶ್ಯ, ಒಮ್ಮೆ ಇಂಗ್ಲಿಷ್ ನಟರೊಂದಿಗೆ, ಇನ್ನೊಮ್ಮೆ ಅರಬಿ ನಟರೊಂದಿಗೆ. ಅರಬಿಯಲ್ಲಿ ಹಂಝರಾಗಿ ನಟಿಸಿದವರು ಈಜಿಪ್ಟಿನ ಅಬ್ದುಲ್ಲಾ ಗೈಸ್. ಅಂದರೆ ಕೈರೋದ ಮಗುವಿನ ಮನಸ್ಸಿನಲ್ಲಿರುವ ಹಂಝ ಬೇರೆ, ನಮ್ಮೂರಿನ ಮಗುವಿನ ಹಂಝ ಬೇರೆ! ತಿರ್ಮಿದಿಯವರ ‘ಶಮಾಇಲ್’ ಓದುವಾಗ ಪ್ರವಾದಿ(ಸ)ಯವರ ಕೂದಲು, ನಡಿಗೆ, ಮುಗುಳ್ನಗೆ ಎಲ್ಲವೂ ಮಾತಿನಲ್ಲಿ ಸಿಗುತ್ತವೆ. ಆದರೂ ಒಂದು ಮುಖ ಮನಸ್ಸಿನಲ್ಲಿ ಅಚ್ಚಾಗುವುದಿಲ್ಲ. ಓದಿದಷ್ಟೂ ನೋಡಬೇಕೆಂಬ ಹಂಬಲವೇ ಉಳಿಯುತ್ತದೆ. ಚಿತ್ರ ಆ ಹಂಬಲವನ್ನು ಮುಗಿಸಿಬಿಡುತ್ತದೆ.

ಹಾಗೆಂದು ಮೊಬೈಲ್ ಕಿತ್ತುಕೊಳ್ಳಿ ಎಂದು ನಾನು ಹೇಳಲಾರೆ. ಸುಮಯ್ಯಾ(ರ)ರ ಹೌತಾತ್ಮ್ಯವನ್ನು ಪುಸ್ತಕದಲ್ಲಿ ಓದಿ ಅಳದ ನಾನು ಆ ಕ್ಯಾಸೆಟ್ ನೋಡಿ ಅತ್ತಿದ್ದೆ. ಅದು ಸುಳ್ಳಲ್ಲ.

ಅಂದು ತರಗತಿಯಲ್ಲಿ ಆ ಹುಡುಗಿಯನ್ನು ಕೇಳಿದೆ, “ಹಿಂದ್ ಬಗ್ಗೆ ಏನು ಗೊತ್ತು?”

“ಹಂಝರನ್ನು ಕೊಲ್ಲಿಸಿದ ಕೆಟ್ಟ ಹೆಂಗಸು, ಟೀಚರ್.”

“ಆಮೇಲೆ?”

ಆಮೇಲಿನದು ಅವಳಿಗೆ ನೆನಪಿರಲಿಲ್ಲ. ಪಾಠವನ್ನು ಅಲ್ಲಿಗೇ ನಿಲ್ಲಿಸಿ ಮಕ್ಕಾ ವಿಜಯದ ದಿನಗಳ ಕಥೆ ಹೇಳಿದೆ. ಅದೇ ಹಿಂದ್ ಇಸ್ಲಾಮ್ ಸ್ವೀಕರಿಸಿದ್ದು, ಪ್ರವಾದಿ(ಸ)ಯವರಿಗೆ ಬೈಅತ್ ಮಾಡಿದ್ದು, ಮುಂದೆ ಯರ್ಮೂಕ್ ರಣರಂಗದಲ್ಲಿ ಮುಸ್ಲಿಮ್ ಸೈನಿಕರನ್ನು ಹುರಿದುಂಬಿಸಿದ್ದು. ಮಕ್ಕಳು ಗಂಟೆ ಹೊಡೆದರೂ ಏಳಲಿಲ್ಲ.

ರಾತ್ರಿ ಇಶಾ ನಮಾಝ್ ಮುಗಿಸಿ ಕುಳಿತಿದ್ದೆ. ಆ ಹುಡುಗಿಯ ತಾಯಿಯ ಫೋನ್ ಬಂತು. “ಟೀಚರ್, ಸಿನಿಮಾವನ್ನು ನಾನು ಮೂರು ಸಲ ನೋಡಿದ್ದೇನೆ. ಹಿಂದ್ ಸಹಾಬಿಯಾ ಎಂದು ಮಗಳು ಹೇಳುತ್ತಿದ್ದಾಳೆ. ಹೌದಾ?”