ಕಟ್ಟಿಗೆಯ ಲಾರಿಯಲ್ಲೊಂದು ಪ್ರದಕ್ಷಿಣೆ

ಉಡುಪಿಗೆ ಬರುವ ಯಾತ್ರಿಕರು ಕನಕನ ಕಿಂಡಿಯ ಮುಂದೆ ಕೈಮುಗಿದು, ರಥಬೀದಿಯನ್ನೊಮ್ಮೆ ಸುತ್ತಿ, ಮಧ್ವಸರೋವರದ ಮೆಟ್ಟಿಲ ಮೇಲೆ ಕ್ಷಣಕಾಲ ಕುಳಿತು ಊಟದ ಹೊತ್ತನ್ನು ಕಾಯುತ್ತಾರೆ. ಅವರಲ್ಲಿ ಎಷ್ಟು ಮಂದಿ ಸರೋವರದ ಸಮೀಪದಲ್ಲಿರುವ ಇನ್ನೊಂದು ರಥವನ್ನು ಗಮನಿಸುತ್ತಾರೋ ತಿಳಿಯದು. ಅದಕ್ಕೆ ಬಣ್ಣದ ಪತಾಕೆಗಳಿಲ್ಲ, ಎಳೆಯುವ ಮಿಣಿಯಿಲ್ಲ. ಸೀಳಿದ ಕಟ್ಟಿಗೆಯನ್ನೇ ವರಸೆವರಸೆಯಾಗಿ ಒಟ್ಟಿ ರಥದ ಆಕಾರಕ್ಕೆ ತಂದು ನಿಲ್ಲಿಸಿರುತ್ತಾರೆ. ಇದೇ ಕಟ್ಟಿಗೆಯ ರಥ.

ಆಚಾರ್ಯ ಮಧ್ವರು ಅಷ್ಟಮಠಗಳಿಗೆ ಎರಡೆರಡು ತಿಂಗಳಂತೆ ವಹಿಸಿಕೊಟ್ಟ ಕೃಷ್ಣಪೂಜೆಯ ಸರದಿಯನ್ನು ಶ್ರೀ ವಾದಿರಾಜರು ಎರಡೆರಡು ವರ್ಷಗಳಿಗೆ ವಿಸ್ತರಿಸಿದರು. ಸಮಸಂಖ್ಯೆಯ ವರ್ಷಗಳ ಜನವರಿ 18ರಂದು ಪರ್ಯಾಯ ಕೈ ಬದಲಾಗುತ್ತದೆ. ಅದಕ್ಕೆ ಮುನ್ನ ನಾಲ್ಕು ಮುಹೂರ್ತಗಳು ನಡೆಯುತ್ತವೆ: ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ. ಬಂದವರಿಗೆಲ್ಲ ಅನ್ನವಿಕ್ಕಬೇಕಾದವನು ಮೊದಲು ಎಲೆಯನ್ನೂ ಅಕ್ಕಿಯನ್ನೂ ಉರಿಯನ್ನೂ ಸಿದ್ಧಪಡಿಸಿಕೊಳ್ಳಬೇಕಷ್ಟೆ. ಆ ಕಟ್ಟಿಗೆ ಎಲ್ಲಿಂದ, ಯಾರ ಬೆನ್ನೇರಿ ಬರುತ್ತದೆಂಬುದನ್ನು ನಾನು ಎಂದೂ ಯೋಚಿಸಿದವನಲ್ಲ. ಯೋಚಿಸುವಂತೆ ಮಾಡಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ.

ಅವನ ತಂದೆ ಮೂವತ್ತು ವರ್ಷ ಇನ್ನೊಬ್ಬರ ಕಟ್ಟಿಗೆಯ ಲಾರಿಯನ್ನು ನಡೆಸಿ, ಈಗ ಕಣ್ಣು ಮಂಜಾಗಿ ಮನೆಯ ಜಗಲಿಯಲ್ಲಿ ಕುಳಿತಿದ್ದಾರೆ. ಮಗನಿಗೆ ಸ್ವಂತದ ಲಾರಿಯಾಗಬೇಕೆಂಬ ಹಟ. “ಎರಡು ಲಾರಿ ನೋಡಿದ್ದೇನೆ, ಸಾರ್. ಒಂದು ಕಾರ್ಕಳದಲ್ಲಿ, ಇನ್ನೊಂದು ಕಾಪುವಿನಲ್ಲಿ. ನೀವೂ ಬರಬೇಕು,” ಎಂದ.

“ನಾನು ಹಳಗನ್ನಡದ ಮೇಷ್ಟ್ರು, ಮಾರಾಯ! ಲಾರಿಯ ವಿಷಯ ನನಗೇನು ತಿಳಿದೀತು?”

“ಲಾರಿಯನ್ನು ತಂದೆಯವರ ಸ್ನೇಹಿತರು ನೋಡುತ್ತಾರೆ. ನೀವು ಕಾಗದಪತ್ರಗಳನ್ನು ಓದಿದರೆ ಸಾಕು. ಅಮ್ಮ ಬಳೆಗಳನ್ನು ಅಡವಿಡಲು ತೆಗೆದಿಟ್ಟಿದ್ದಾರೆ.”

ಈ ಕೊನೆಯ ಮಾತನ್ನು ಕೇಳಿದ ಮೇಲೆ ಒಲ್ಲೆನೆನ್ನಲು ನನಗೆ ಬಾಯಿ ಬರಲಿಲ್ಲ.

ಮರುದಿನ ನಸುಕಿನಲ್ಲಿ ಆ ಸ್ನೇಹಿತರ ಲಾರಿ ಕಾರ್ಕಳಕ್ಕೆ ಬರಿದಾಗಿ ಹೊರಟಿತ್ತು. ಮುಂಭಾಗದ ಹಲಗೆಯಾಸನದಲ್ಲಿ ನಾವು ಮೂವರು ಕುಳಿತೆವು. ಲಾರಿಯ ಎತ್ತರದಿಂದ ಕಾಣುವ ಲೋಕವೇ ಬೇರೆ. ಬಸ್ಸಿನಲ್ಲಿ ನೂರು ಸಲ ಕಂಡ ಬೇಲಿಗಳ ಆಚೆಗಿನ ಅಂಗಳ, ಬಾವಿಕಟ್ಟೆ, ಒಣಹಾಕಿದ ಅಡಕೆ ಎಲ್ಲವೂ ಅಂದು ಮೊದಲ ಬಾರಿಗೆ ಕಣ್ಣಿಗೆ ಬಿದ್ದವು.

ಮಣಿಪಾಲದ ಏರನ್ನು ಲಾರಿ ಏದುಸಿರು ಬಿಡುತ್ತ ಹತ್ತಿತು. ಮಣ್ಣಪಳ್ಳವೆಂಬ ಕೆರೆಯಿಂದ ಹೆಸರು ಪಡೆದ ಈ ಊರು ಒಂದು ಕಾಲಕ್ಕೆ ಬೋಳು ಮುರಕಲ್ಲಿನ ಗುಡ್ಡ. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಇಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ಗುಡ್ಡವೇ ಪಟ್ಟಣವಾಯಿತು. ಅದಕ್ಕೂ ಮುನ್ನ, 1925ರಲ್ಲಿ, ಅವರೂ ಅವರ ಅಣ್ಣ ಉಪೇಂದ್ರ ಪೈಯವರೂ ವಾಮನ ಕುಡ್ವರೂ ಕೂಡಿ ಉಡುಪಿಯಲ್ಲಿ ಒಂದು ಬ್ಯಾಂಕನ್ನು ಆರಂಭಿಸಿದ್ದರು. 1928ರಲ್ಲಿ ಅದು ತೊಡಗಿಸಿದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. 1964ರಲ್ಲಿ ಸಿಂಡಿಕೇಟ್ ಬ್ಯಾಂಕೆಂಬ ಹೆಸರು ತಳೆದು ಮಣಿಪಾಲಕ್ಕೆ ಏರಿದ ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಆದರೆ ‘ಪಿಗ್ಮಿ’ ಎಂಬ ಮಾತು ಈ ಸೀಮೆಯ ಮನೆಗಳಲ್ಲಿ ಇನ್ನೂ ಬದುಕಿದೆ. “ಅಮ್ಮ ಬೀಡಿ ಕಟ್ಟಿ ಹನ್ನೊಂದು ವರ್ಷ ಪಿಗ್ಮಿ ಕಟ್ಟಿದ್ದಾರೆ. ಅದು ಮೊದಲ ಗಂಟು. ಸಾಲದಿದ್ದರೆ ಬಳೆ,” ಎಂದ ಶಿಷ್ಯ.

ಪರ್ಕಳ ದಾಟಿ ಹಿರಿಯಡಕದತ್ತ ಸಾಗುವಾಗ ಚಾಲಕರ ನಾಲಗೆ ಸಡಿಲಿತು. ಪುಸ್ತಕದಲ್ಲಿ ನಾನು ಓದಿದ್ದನ್ನು ಅವರು ಹಿರಿಯರಿಂದ ಕೇಳಿ ಬಲ್ಲರು. 1914ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ ಈ ಕರಾವಳಿಗೆ ಮೋಟಾರಿನ ರುಚಿ ಹತ್ತಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಲಿನ ಅನಿಲದಿಂದ ಓಡುವ ಬಸ್ಸುಗಳು ಬಂದವು. ಕಟ್ಟಿಗೆಯನ್ನು ಗಾಡಿ ಹೊರುವ ಬದಲು ಗಾಡಿಯನ್ನೇ ಕಟ್ಟಿಗೆ ಹೊತ್ತ ಕಾಲವದು! ಯುದ್ಧ ಮುಗಿದ ಮೇಲೆ ಸೈನ್ಯವು ವಿಲೇವಾರಿ ಮಾಡಿದ ಲಾರಿಗಳು ಘಟ್ಟದ ಮರ ಸಾಗಿಸುವವರ ಕೈಸೇರಿದವು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹಾಯುವ ಆ ಲಾರಿಗಳು ಕೆಸರಿನಲ್ಲಿ ಆನೆಗಳಂತೆ ನಡೆಯುತ್ತಿದ್ದವಂತೆ. 1954ರಲ್ಲಿ ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್–ಬೆನ್ಜ್ ಸಂಸ್ಥೆಯೊಡನೆ ಕೂಡಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. ಮರುವರ್ಷ ಮದರಾಸಿನ ಅಶೋಕ್ ಮೋಟಾರ್ಸ್ ಅಶೋಕ್ ಲೇಲ್ಯಾಂಡ್ ಆಯಿತು. 1986ರಲ್ಲಿ ಟಾಟಾ 407 ಎಂಬ ಕಿರಿಯ ಲಾರಿ ಬಂದಾಗ, ದೊಡ್ಡ ಲಾರಿಯ ಕನಸು ಕಾಣಲಾರದವನಿಗೂ ಮಾಲೀಕನೆನಿಸಿಕೊಳ್ಳುವ ದಾರಿ ತೆರೆಯಿತು.

ಬೈಲೂರು ದಾಟಿ ಕಾರ್ಕಳವನ್ನು ಸಮೀಪಿಸುವಾಗ ಬಂಡೆಯ ಬೆಟ್ಟದ ನೆತ್ತಿಯಲ್ಲಿ ಗೊಮ್ಮಟನ ಮುಖ ಮೂಡಿತು. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಈ ಮೂರ್ತಿ 42 ಅಡಿ ಎತ್ತರವಿದೆ. ಬೇರೆಡೆ ಕಡೆದ ಮೂರ್ತಿಯನ್ನು ಇಪ್ಪತ್ತು ಕಬ್ಬಿಣದ ಗಾಡಿಗಳ ಸಾಲಿನ ಮೇಲೇರಿಸಿ, ಸಾವಿರಾರು ತೆಂಗಿನಕಾಯಿಗಳನ್ನೊಡೆದು, ಇಳಿಜಾರು ಕಟ್ಟಿ ಬೆಟ್ಟದ ಮೇಲಕ್ಕೆ ಎಳೆದರೆಂಬುದು ಇಲ್ಲಿಯ ಪ್ರತೀತಿ. ನಮ್ಮ ಚಾಲಕರು ಸ್ಟಿಯರಿಂಗ್ ಚಕ್ರದಿಂದ ಒಂದು ಕೈ ತೆಗೆದು ಬೆಟ್ಟದತ್ತ ನಮಸ್ಕರಿಸಿದರು. “ಈ ತಾಲ್ಲೂಕಿನ ಮೊದಲ ದೊಡ್ಡ ಲೋಡು ಅದೇ ಸ್ವಾಮೀ,” ಎಂದರು.

ಕಾರ್ಕಳದ ಲಾರಿ ಆರು ಚಕ್ರದ್ದು. ಎಂಜಿನ್ನು ಗಟ್ಟಿಯಾಗಿತ್ತು. ಚಾಲಕರು ಅದನ್ನು ಪರೀಕ್ಷಿಸಿದ ಬಗೆಯನ್ನು ಒಬ್ಬ ವೈದ್ಯನೂ ಮೆಚ್ಚಬೇಕು. ಹೊಗೆಯ ಬಣ್ಣ ನೋಡಿದರು. ಎಣ್ಣೆಯ ಮುಚ್ಚಳ ತೆರೆದು, ಒಳಗಿನಿಂದ ಉಸಿರು ಹೊರನುಗ್ಗುತ್ತದೆಯೋ ಎಂದು ಅಂಗೈಯಿಟ್ಟರು. ಹಿಂದಿನ ಸ್ಪ್ರಿಂಗಿನ ಪಟ್ಟಿಗಳನ್ನು ಒಂದೊಂದಾಗಿ ಎಣಿಸಿ, ಚಾಸಿಸ್ಸಿನ ಕೆಳಗೆ ಮಲಗಿ, ಬಿರುಕಿಗೆ ಬೆಸುಗೆ ಹಾಕಿದ್ದಾರೆಯೋ ಎಂದು ಹುಡುಕಿದರು. ಕಟ್ಟಿಗೆಯ ಲಾರಿಯ ಆಯುಸ್ಸು ಅಲ್ಲಿದೆಯಂತೆ. ನಾನು ನೋಂದಣಿಯ ಪತ್ರ, ಅರ್ಹತಾಪತ್ರ, ತೆರಿಗೆ, ವಿಮೆಗಳನ್ನು ಓದಿ, ಹಳೆಯ ಸಾಲದ ಷರಾ ತೀರಿದೆಯೇ ಎಂದು ನೋಡಿದೆ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ವರ್ಷವರ್ಷವೂ ಅರ್ಹತಾಪತ್ರ ಪಡೆಯಬೇಕೆಂಬ ನಿಯಮ ನನಗೂ ಅಂದೇ ಮನದಟ್ಟಾಯಿತು.

ಶಿಷ್ಯನ ಕಣ್ಣು ಆ ಲಾರಿಯಲ್ಲೇ ನೆಟ್ಟಿತ್ತು. ಆಗ ಹಿರಿಯರು ತಮ್ಮ ಲಾರಿಗೆ ಕಟ್ಟಿಗೆ ಏರುತ್ತಿದ್ದ ತೋಟಕ್ಕೆ ಅವನನ್ನು ಕರೆದೊಯ್ದರು. ಪೂರ್ವಕ್ಕೆ ಘಟ್ಟದ ಸಾಲು. ಅಲ್ಲಿ 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ಇಂದು ಊರಿಗೆ ಇಳಿಯುವ ಸೌದೆ ಹೆಚ್ಚಾಗಿ ತೋಟದ್ದೇ: ಹಾಲು ಬತ್ತಿದ ರಬ್ಬರು, ಅಕೇಶಿಯಾ, ಗಾಳಿಮರ, ಮುದಿಯಾದ ಗೇರು. ಸ್ವಂತ ಜಮೀನಿನ ಮರವಾದರೂ 1976ರ ವೃಕ್ಷಸಂರಕ್ಷಣಾ ಶಾಸನದಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ಮರದ ಜಾತಿಯನ್ನು ತೊಗಟೆಯಿಂದಲೇ ಗುರುತಿಸಲಾರದವನು ಈ ವ್ಯಾಪಾರಕ್ಕೆ ಇಳಿಯಬಾರದು.

“ನೋಡು,” ಎಂದರು ಹಿರಿಯರು. “ಈಗ ಕಡಿದ ಕಟ್ಟಿಗೆಯಲ್ಲಿ ಅರ್ಧಕ್ಕೆ ಹತ್ತಿರ ನೀರೇ ಇರುತ್ತದೆ. ಪೆಟ್ಟಿಗೆ ತುಂಬುವ ಮೊದಲೇ ತೂಕ ತುಂಬುತ್ತದೆ. ಒಣಗಿದ ಕಟ್ಟಿಗೆಯಾದರೆ ಪೆಟ್ಟಿಗೆ ತುಂಬಿದರೂ ತೂಕ ತುಂಬುವುದಿಲ್ಲ. ಎರಡನ್ನೂ ಬಲ್ಲವನೇ ಲಾರಿ ಆರಿಸಬೇಕು.” ಎರಡು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿ ಮೊದಲು 16.2 ಟನ್ನಿತ್ತು. ಲಾರಿಯ ಮೈತೂಕ ಕಳೆದರೆ ಹೊರಬಹುದಾದುದು ಸುಮಾರು 10 ಟನ್ನು. 2018ರಲ್ಲಿ ಆ ಮಿತಿಯನ್ನು 18.5 ಟನ್ನಿಗೆ ಏರಿಸಿದರು. ಆದರೆ ಹಳೆಯ ಲಾರಿಗೆ ಅದರ ನೋಂದಣಿ ಪುಸ್ತಕದಲ್ಲಿ ಬರೆದ ಅಂಕಿಯೇ ಶಾಸನ. ಮೀರಿದರೆ, 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಹಸಿ ಕಟ್ಟಿಗೆಯ ಲೋಭದಿಂದ ಒಂದು ದಿನ ಸಿಕ್ಕಿಬಿದ್ದವನು ಹಲವು ದಿನಗಳ ದುಡಿಮೆಯನ್ನು ತೆರಬೇಕಾಗುತ್ತದೆ.

“ಇನ್ನೊಂದು ಮಾತು. ಈ ತೋಟದ ದಾರಿಯಲ್ಲಿ ಆ ದೊಡ್ಡ ಲಾರಿ ತಿರುಗೀತೇ? ನಮ್ಮದು ಹೊರಗೆ ರಸ್ತೆಯಲ್ಲೇ ನಿಂತಿದೆ. ಕಟ್ಟಿಗೆಯನ್ನು ತಲೆಹೊರೆಯಲ್ಲಿ ಅಲ್ಲಿಗೆ ತರುವ ಕೂಲಿ ಯಾರ ಗಂಟು? ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ಮಳೆಗಾಲದಲ್ಲಿ ಲಾರಿ ಮಲಗುತ್ತದೆ ಮಗಾ, ಸಾಲದ ಕಂತು ಮಲಗುವುದಿಲ್ಲ. ಎಂಟು ತಿಂಗಳು ದುಡಿದು ಹನ್ನೆರಡು ತಿಂಗಳ ಕಂತು ಕಟ್ಟುತ್ತೀಯಾ?”

ಶಿಷ್ಯ ಮಾತನಾಡಲಿಲ್ಲ. ಬೆಟ್ಟದ ಮೇಲಿನ ಗೊಮ್ಮಟನೂ ಮಾತನಾಡಲಿಲ್ಲ. ಕಟ್ಟಿಗೆ ತುಂಬಿ, ಹಗ್ಗ ಬಿಗಿದು, ತೂಕದ ಸೇತುವೆಯ ಮೇಲೆ ನಿಂತು ಚೀಟಿ ಪಡೆದು ಹೊರಟೆವು.

ನಿಟ್ಟೆ, ಬೆಳ್ಮಣ್ಣು, ಶಿರ್ವಗಳ ಏರಿಳಿತದ ದಾರಿ. ಭಾರ ಹೊತ್ತ ಲಾರಿಗೆ ಇಳಿಜಾರೇ ಕಠಿನವೆಂಬುದು ನಮ್ಮಂತಹವರಿಗೆ ತಿಳಿಯದು. ಏರಿದ ಗೇರಿನಲ್ಲೇ ಇಳಿಯಬೇಕೆಂಬುದು ಚಾಲಕರ ಸೂತ್ರ. ದಾರಿಯಲ್ಲಿ ಒಂದು ಬೇಕರಿಗೆ, ಒಂದು ಮದುವೆಯ ಮನೆಗೆ ಸ್ವಲ್ಪ ಸ್ವಲ್ಪ ಇಳಿಸಿದೆವು. ಅಡುಗೆಮನೆಗಳಿಗೆ ಅನಿಲದ ಸಿಲಿಂಡರು ಬಂದು ಮನೆಬಳಕೆಯ ಕಟ್ಟಿಗೆ ಕಡಿಮೆಯಾಗಿದೆ. ಆದರೂ ಬಚ್ಚಲ ಹಂಡೆ, ದೇವಸ್ಥಾನದ ಅನ್ನದಾನ, ನೂರಾರು ಎಲೆಗಳ ಔತಣ, ಊರ ಹೊರಗಿನ ಸ್ಮಶಾನ ಇವು ಇನ್ನೂ ಲಾರಿಯ ದಾರಿ ಕಾಯುತ್ತವೆ. “ಒಂದೇ ಲಾರಿಯಲ್ಲಿ ಬೆಳಿಗ್ಗೆ ಮದುವೆಗೆ, ಸಂಜೆ ಸ್ಮಶಾನಕ್ಕೆ ಹೋದದ್ದಿದೆ. ಸ್ಮಶಾನದ ಬಾಡಿಗೆಗೆ ನಾವು ಚೌಕಾಸಿ ಮಾಡುವುದಿಲ್ಲ,” ಎಂದರು ಚಾಲಕರು.

ಕಾಪುವಿನಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭ ಮಧ್ಯಾಹ್ನದ ಬಿಸಿಲಿನಲ್ಲಿ ನಿಂತಿತ್ತು. ಸಮುದ್ರದ ಗಾಳಿ ತಂಪಾಗಿ ಬೀಸುತ್ತಿತ್ತು. ಆ ಗಾಳಿಯೇ ನಮ್ಮ ಎರಡನೆಯ ಲಾರಿಯ ವೈರಿ. ಅದೊಂದು 407, ಎರಡು, ಎರಡೂವರೆ ಟನ್ನಿನ ಸಾಮರ್ಥ್ಯ, ತೋಟದ ಓಣಿಗೂ ಪೇಟೆಯ ಗಲ್ಲಿಗೂ ಹೇಳಿಸಿದಂತಹ ಗಾತ್ರ. ಹೊಸ ಬಣ್ಣ ಬಳಿದು ಮದುಮಗನಂತೆ ನಿಲ್ಲಿಸಿದ್ದರು. ಹಿರಿಯರು ಕೆಳಗೆ ಮಲಗಿ, ಕೈಯಲ್ಲಿದ್ದ ಮೊಳೆಯಿಂದ ಚಾಸಿಸ್ಸನ್ನು ಮೆಲ್ಲನೆ ಕೆರೆದರು. ಬಣ್ಣದ ಹಿಂದೆಯೇ ತುಕ್ಕಿನ ಪದರಗಳು ಹಪ್ಪಳದಂತೆ ಎದ್ದು ಬಂದವು. ಉಪ್ಪುಗಾಳಿಯಲ್ಲಿ ಹಲವು ಮಳೆಗಾಲ ಬಯಲಲ್ಲೇ ನಿಂತ ಕಬ್ಬಿಣವದು. ಮಾರುವವರು ಬೆಲೆ ಇಳಿಸಿದರು. ಶಿಷ್ಯ ನನ್ನ ಮುಖ ನೋಡಿದ. ನಾನು ಕಾಗದಪತ್ರಗಳನ್ನು ಮಡಿಸಿ ಹಿಂದಿರುಗಿಸಿದೆ. ಕಾಗದಗಳೇನೋ ಸರಿಯಾಗಿದ್ದವು, ಕೆಳಗಿನ ಕಬ್ಬಿಣ ಸರಿಯಿರಲಿಲ್ಲ.

ಹಿಂದಿರುಗುವಾಗ ದಂಡತೀರ್ಥದ ಬಳಿ ಲಾರಿಯನ್ನು ನಿಲ್ಲಿಸಿದರು. ಬಾಲಕ ಮಧ್ವರು ಗುರುವಿಗಾಗಿ ದಂಡದಿಂದ ತೋಡಿದ ಕೊಳವಿದೆಂದು ಐತಿಹ್ಯ. ಪರ್ಯಾಯ ಪೀಠವನ್ನೇರುವ ಯತಿಗಳು ಇಲ್ಲಿ ಮಿಂದು ಉಡುಪಿಯ ಜೋಡುಕಟ್ಟೆಗೆ ತೆರಳಿ, ಅಲ್ಲಿಂದ ಮೆರವಣಿಗೆಯಲ್ಲಿ ಸಾಗುತ್ತಾರೆ. ಶಿಷ್ಯ ಮುಖಕ್ಕೆ ನೀರು ಹಾಕಿಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತ. ಕೊನೆಗೆ, “ಅಮ್ಮನಿಗೆ ಏನು ಹೇಳಲಿ ಸಾರ್? ಈ ದೀಪಾವಳಿಗೆ ಲಾರಿ ಮನೆಮುಂದೆ ನಿಲ್ಲುತ್ತದೆಂದು ಹೇಳಿಬಿಟ್ಟಿದ್ದೇನೆ,” ಎಂದ. ಉತ್ತರ ಕೊಟ್ಟವರು ಹಿರಿಯರು: “ಈ ಮಳೆಗಾಲದ ಕೊನೆಯವರೆಗೆ ನನ್ನ ಲಾರಿಯಲ್ಲೇ ಬಾ. ಯಾವ ತೋಟ, ಯಾವ ಗಿರಾಕಿ, ಯಾರು ಹಣ ಕೊಡುತ್ತಾರೆ, ಯಾರು ಕೊಡುವುದಿಲ್ಲ ಎಂಬುದನ್ನು ಕಲಿ. ಲಾರಿ ಎಲ್ಲಿಗೂ ಓಡಿಹೋಗುವುದಿಲ್ಲ.”

ಸಂಜೆ ಉಡುಪಿಯಲ್ಲಿ ಕಟ್ಟಿಗೆಯನ್ನಿಳಿಸುವಾಗ ನಾನೂ ನಾಲ್ಕು ತುಂಡುಗಳಿಗೆ ಕೈಕೊಟ್ಟೆ. ಅಂಗೈ ತರಚಿತು. ರಥಬೀದಿಯನ್ನು ಹಾದು ಮನೆಗೆ ನಡೆಯುವಾಗ ಕಟ್ಟಿಗೆಯ ರಥದ ಮುಂದೆ ತುಸು ಹೊತ್ತು ನಿಂತೆ. ಒಂದೊಂದು ತುಂಡಿನ ಹಿಂದೆಯೂ ಒಂದು ತೋಟ, ಒಂದು ತೂಕದ ಚೀಟಿ, ಯಾರದೋ ಒಂದು ಸಾಲದ ಕಂತು ಕಾಣಿಸತೊಡಗಿದವು.

ದೀಪಾವಳಿ ಕಳೆಯಿತು. ಅದರ ಮರುವರ್ಷ, ಮಳೆ ನಿಂತ ಒಂದು ಬೆಳಿಗ್ಗೆ ಶಿಷ್ಯನ ಕರೆ ಬಂತು. ಘಟ್ಟದ ಬುಡದ ಊರೊಂದರಲ್ಲಿ, ಕಡಲಗಾಳಿ ಸೋಕದೆ ಕೊಟ್ಟಿಗೆಯಲ್ಲಿದ್ದ ಚಿಕ್ಕ ಲಾರಿಯೊಂದು ಹಿರಿಯರ ಮೊಳೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿತ್ತು. ನಾನು ಹೋಗುವ ಹೊತ್ತಿಗೆ ಚಕ್ರಗಳ ಕೆಳಗೆ ನಿಂಬೆಹಣ್ಣನ್ನಿಟ್ಟಿದ್ದರು. ಮಂಜುಗಣ್ಣಿನ ತಂದೆ ಲಾರಿಯ ಮೈಯನ್ನು ಮುಂದಿನಿಂದ ಹಿಂದಿನವರೆಗೆ ಕೈಯಿಂದ ಸವರುತ್ತ ಬಂದು, ಸ್ಪ್ರಿಂಗಿನ ಬಳಿ ನಿಂತು, ಪಟ್ಟಿಗಳನ್ನು ಬೆರಳಿನಿಂದ ಎಣಿಸಿ, ಸರಿ ಎಂಬಂತೆ ತಲೆದೂಗಿದರು.

ತಾಯಿ ಆರತಿಯ ತಟ್ಟೆ ಹಿಡಿದು ಮುಂದೆ ಬಂದರು. ತಟ್ಟೆಯನ್ನೆತ್ತಿದಾಗ ಕೈಯ ಬಳೆಗಳು ಮೆಲ್ಲನೆ ಸದ್ದು ಮಾಡಿದವು.